ಇ-ಫೆಡ್‌ಗೆ ಆರ್‌ಪಿ ಬರೆಯೋದು ಹೇಗೆ: ಉದ್ದುದ್ದ ಬರ್ದೂ ಸೋಲ್ತಿರೋರಿಗೆ ಹಂತ ಹಂತದ ಮಾರ್ಗದರ್ಶಿ

ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ ಕಡೆಯವ್ರೇ ಸೇರ್ಕೊಂಡು ನಡೆಸೋ ಒಂದು ಸಣ್ಣ ಕನ್ನಡ ಇ-ಫೆಡ್‌ನಲ್ಲಿ, ಬಂದಿರೋ ಆರ್‌ಪಿಗಳನ್ನ ಓದಿ ಯಾರು ಗೆದ್ರು ಅಂತ ಹೇಳೋದು, ಆಮೇಲೆ ಆ ಮ್ಯಾಚ್ ಬರ್ದು ಹಾಕೋದು ನನ್ ಕೆಲಸ. ಪ್ರತಿ ಶೋ ಆದ್ಮೇಲೂ ಅದೇ ಮೆಸೇಜು, "ಅಣ್ಣಾ ನಾನ್ ಅಷ್ಟುದ್ದ ಬರ್ದಿದ್ದೆ, ಅವ್ನು ಅದ್ರಲ್ಲಿ ಅರ್ಧ ಬರ್ದಿದ್ದ, ಅವ್ನ್ ಹೆಂಗಣ್ಣ ಗೆದ್ದ?" ಒಬ್ಬೊಬ್ರಿಗೂ ಬೇರೆ ಬೇರೆ ಟೈಪ್ ಮಾಡಿ ಸಾಕಾಗಿದೆ, ಯಾಕಂದ್ರೆ ಬಹುತೇಕ ಎಲ್ಲಾರ್ದೂ ಒಂದೇ ತಪ್ಪು, ಕೆಲಸದ ಕ್ರಮ ತಲೆಕೆಳಗಾಗಿರುತ್ತೆ. ಎಂಟ್ರಿ ಮ್ಯೂಸಿಕ್ಕಿಂದ ಶುರು ಮಾಡ್ತಾರೆ, ಫಿನಿಶರ್‌ಗೆ, ಅಂದ್ರೆ ಮ್ಯಾಚ್ ಮುಗಿಸೋ ಪಟ್ಟಿಗೆ, ಬಂದು ನಿಲ್ಲಿಸ್ತಾರೆ, ಎದುರಾಳಿ ಅಂತ ಒಬ್ಬ ಇದಾನೆ ಅನ್ನೋದು ಕೊನೇ ಪ್ಯಾರಾದಲ್ಲಿ ನೆನಪಾಗುತ್ತೆ.

ಗೊತ್ತಿಲ್ದೇ ಬಂದೋರಿಗೆ ಎರಡೇ ಮಾತು. ಇ-ಫೆಡ್ ಅಂದ್ರೆ ಬರವಣಿಗೆಯಲ್ಲಿ ನಡೆಯೋ ಕುಸ್ತಿ ಕಂಪನಿ. ನೀವೊಂದು ರೆಸ್ಲರ್ ಪಾತ್ರ ಕಟ್ತೀರ, ಮ್ಯಾಚ್ ಫಿಕ್ಸ್ ಆದ್ಮೇಲೆ ಆ ಪಾತ್ರದ ಬಾಯಲ್ಲಿ ಆರ್‌ಪಿ ಅಂದ್ರೆ ರೋಲ್‌ಪ್ಲೇ ಬರೀತೀರ, ಎದುರಿನವ್ರೂ ಬರೀತಾರೆ, ಯಾರ್ದು ಚೆನ್ನಾಗಿದೆಯೋ ಅವ್ರು ಗೆಲ್ತಾರೆ. ಪಾತ್ರ ನಡೆಸೋರಿಗೆ ಹ್ಯಾಂಡ್ಲರ್ ಅಂತಾರೆ. ಪಾತ್ರ ಬೇರೆ ಹ್ಯಾಂಡ್ಲರ್ ಬೇರೆ, ಇದು ಮರೆತ್ರೆ ಏನಾಗುತ್ತೆ ಅಂತ ಕೆಳಗೆ ಹೇಳ್ತೀನಿ.

ಮೊದಲು ಇಷ್ಟು ಇಟ್ಕೊಳ್ಳಿ

ಕನ್ನಡ ಕೀಬೋರ್ಡ್ ಇರೋ ಫೋನ್ ಸಾಕು, ಲ್ಯಾಪ್‌ಟಾಪೇ ಬೇಕು ಅಂತೇನಿಲ್ಲ. ಗೂಗಲ್ ಡಾಕ್ಸ್ ಥರ ತಾನೇ ಸೇವ್ ಆಗೋ ಜಾಗದಲ್ಲಿ ಬರೀರಿ, ನೇರ ಚಾಟ್ ಬಾಕ್ಸಲ್ಲಿ ಬರೀಬೇಡಿ, ಒಂದು ಫೋನ್ ಕಾಲ್ ಬಂದು ಆಪ್ ರಿಫ್ರೆಶ್ ಆದ್ರೆ ಬರ್ದಿದ್ದೆಲ್ಲಾ ಹೋಯ್ತು. ಒಂದು ನೋಟ್‌ಬುಕ್ ಕೂಡ ಇರ್ಲಿ, ಎದುರಾಳಿ ಹೇಳಿದ್ ಮಾತು ಗುರುತು ಹಾಕೋಕೆ. ನನ್ ಪ್ರಕಾರ ಇರೋದ್ರಲ್ಲೇ ಮುಖ್ಯವಾದ ಸಾಮಾನು ಇದೇ.

ಹಂತ 1: ಫೆಡ್ ಯಾವ ಥರದ್ದು ಅಂತ ನೋಡಿ

ಮೂರು ಥರ ಇರ್ತವೆ. ಆರ್‌ಪಿ ಓದಿ ತೀರ್ಪು ಕೊಡೋದು ಒಂದು. ಯಾರು ಗೆಲ್ಬೇಕು ಅಂತ ಬುಕರ್ (ಮ್ಯಾಚ್ ಫಿಕ್ಸ್ ಮಾಡೋನು) ಮತ್ತೆ ಹ್ಯಾಂಡ್ಲರ್‌ಗಳು ಮೊದಲೇ ಮಾತಾಡ್ಕೊಂಡು ಕಥೆ ನಡೆಸೋದು ಇನ್ನೊಂದು, ಅದನ್ನ ಆ್ಯಂಗಲ್ ಫೆಡ್ ಅಂತಾರೆ. ಅಂಕಿ ಅಂಶ ಹಾಕಿ ಸಾಫ್ಟ್‌ವೇರ್ ಕೈಲೋ ದಾಳದ ಕೈಲೋ ಆಡ್ಸೋದು ಮೂರನೇದು. ಈ ಗೈಡ್ ಮೊದಲನೇ ಥರಕ್ಕೆ. ಆ್ಯಂಗಲ್ ಫೆಡ್‌ಗೆ ಹೋಗಿ "ನಂದೇ ಚೆನ್ನಾಗಿತ್ತು, ಯಾಕ್ ಸೋಲ್ಸಿದ್ರಿ" ಅಂದ್ರೆ ನಗ್ತಾರೆ ಅಷ್ಟೇ.

ಆಮೇಲೆ ರೂಲ್ಸ್ ಓದಿ, ಪೂರ್ತಿ ಓದಿ. ಒಂದು ಮ್ಯಾಚಿಗೆ ಎಷ್ಟು ಆರ್‌ಪಿ, ಪದಮಿತಿ ಇದೆಯಾ, ಡೆಡ್‌ಲೈನ್ ಯಾವಾಗ, ಬೇರೆಯವ್ರ ಪಾತ್ರ ಬಳಸೋಕೆ ಪರ್ಮಿಷನ್ ಬೇಕಾ. ಫೋಟೋಗೆ ಯಾವುದಾದ್ರೂ ನಿಜವಾದ ರೆಸ್ಲರ್ ಮುಖ ತಗೊಳ್ಳೋ ಪದ್ಧತಿ ಇದ್ರೆ ಆ ಮುಖ ಬೇರೆ ಯಾರೂ ತಗೊಂಡಿಲ್ಲ ಅಂತ ಚೆಕ್ ಮಾಡಿ. ಇದ್ರ ಬಗ್ಗೆ ಆಗೋ ಜಗಳ ಚಾಂಪಿಯನ್ ಬೆಲ್ಟ್ ಬಗ್ಗೇನೂ ಆಗಲ್ಲ.

ಹಂತ 2: ಪಾತ್ರಕ್ಕೆ ಮೂವ್ ಲಿಸ್ಟ್ ಅಲ್ಲ, ಕಸುಬು ಕೊಡಿ

ಹೊಸಬ್ರ ಅರ್ಜಿ ಹೆಂಗಿರುತ್ತೆ ಅಂದ್ರೆ, ಏಳು ಅಡಿ, ನೂರೆಂಬತ್ತು ಕೆಜಿ, ಯಾರಿಗೂ ಹೆದ್ರಲ್ಲ, ಅಪ್ಪ ಅಮ್ಮ ಇಲ್ಲ, ಕತ್ತಲಲ್ಲಿ ಬೆಳೆದವನು, ಸಿಗ್ನೇಚರ್ ಮೂವ್ ಹನ್ನೆರಡು. ಕೆಳಗೆ ಹೆಸರು ಕಿಲ್ಲರ್, ಡೆವಿಲ್, ಇಲ್ಲಾಂದ್ರೆ ಎರಡೂ. ಟೆನ್ ಸ್ಪೋರ್ಟ್ಸ್ ಕಾಲದಲ್ಲಿ ಅಂಡರ್‌ಟೇಕರ್ ನೋಡಿ ಬೆಳೆದೋರು ನಾವೆಲ್ಲಾ, ಆಸೆ ಅರ್ಥ ಆಗುತ್ತೆ. ಆದ್ರೆ ಯಾರಿಗೂ ಹೆದ್ರದೇ ಇರೋನು, ಏನೂ ಬೇಡದೇ ಇರೋನು ಮೂರನೇ ಆರ್‌ಪಿಗೆ ಮಾತೇ ಇಲ್ದಂಗಾಗ್ತಾನೆ. ಬಡ್ಕೊಂಡಿದ್ದೇ ಬಡ್ಕೊಳ್ತಾನೆ.

ಮೂರು ಪ್ರಶ್ನೆಗೆ ಒಂದೊಂದು ಸಾಲಲ್ಲಿ ಉತ್ತರ ಬರೀರಿ. ರಿಂಗ್ ಇಲ್ದಿರೋ ದಿನ ಇವ್ನು ಏನ್ ಕೆಲಸ ಮಾಡ್ತಾನೆ? ಇವ್ನಿಗೆ ಏನ್ ಬೇಕು? ಯಾವ ಮಾತು ಅಂದ್ರೆ ಇವ್ನಿಗೆ ಚುಚ್ಚುತ್ತೆ? ಮೂರನೇದು ಬಿಟ್ರೆ ನಿಮ್ ಎದುರಾಳಿಗೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ, ಅವ್ರ ಆರ್‌ಪಿನೂ ಸಪ್ಪೆ ಆಗುತ್ತೆ, ನಿಮ್ದೂ.

ನಮ್ ಕಡೆ ಸಾಮಗ್ರಿಗೇನು ಕಮ್ಮಿ ಇಲ್ಲ. ಭೀಮ ಬಕಾಸುರನ್ನ ಕೊಂದ ಏಕಚಕ್ರಪುರ ಇದೇ ಅಂತ ಹೇಳೋ ಕೈವಾರ ಪಕ್ಕದಲ್ಲೇ ಇದೆ, ಬಕಾಸುರನ ಕಡೆಯಿಂದ ಮಾತಾಡೋ ಹೀಲ್ (ಅಂದ್ರೆ ವಿಲನ್) ಒಬ್ಬನ್ನ ಮಾಡಿ ನೋಡಿ, ಬಂಡಿ ಅನ್ನ ಒಪ್ಪಂದದ ಪ್ರಕಾರ ತಿಂದವನು ನಾನು, ಮೋಸ ಮಾಡಿದ್ದು ಊರಿನವ್ರು ಅಂತ ವಾದ ಮಾಡೋನು. ಹೀಲ್‌ಗೆ ತಾನು ಸರಿ ಅಂತ ನಂಬಿಕೆ ಇರ್ಬೇಕು. ಎಚ್ ಕ್ರಾಸಲ್ಲಿ ಟೈರ್ ಪಂಚರ್ ಹಾಕೋನು, ಟೊಮ್ಯಾಟೊ ರೇಟು ಬಿದ್ದು ಸಾಲ ಆಗಿರೋನು, ಗರಡಿಲಿ ಬೆಳೆದು ಈ ಲೈಟು ಮ್ಯೂಸಿಕ್ಕು ನೋಡಿದ್ರೆ ಉರ್ಕೊಳ್ಳೋ ಹಳೇ ಪೈಲ್ವಾನ, ಯಾರಾದ್ರೂ ಆಗ್ಲಿ. ಚಿಂತಾಮಣಿ ಕಡೆ ಮನೇಲಿ ತೆಲುಗು ಹೊರಗಡೆ ಕನ್ನಡ ಮಾತಾಡೋರು ಎಷ್ಟು ಜನ ಇದೀವಿ, ಕೋಪ ಬಂದಾಗ ತೆಲುಗಿಗೆ ಜಾರೋ ಪಾತ್ರ ಯಾಕಿಲ್ಲ ಅಂತ ನಂಗೆ ಇವತ್ತಿಗೂ ಆಶ್ಚರ್ಯ.

ಮೂವ್ ಐದು ಸಾಕು, ಫಿನಿಶರ್ ಒಂದು. ಮ್ಯಾಚ್ ಬರೆಯೋನು ನಾನು, ಹನ್ನೆರಡು ಸಿಗ್ನೇಚರ್ ಯಾರಿಗೆ ನೆನಪಿರುತ್ತೆ.

ಹಂತ 3: ಬರೆಯೋಕ್ ಮುಂಚೆ ಎದುರಾಳಿನ ಓದಿ

ಇದೇ ಎಲ್ಲಾರೂ ಬಿಟ್ಟುಬಿಡೋ ಹಂತ, ಇಲ್ಲೇ ಮ್ಯಾಚ್ ಹೋಗೋದು. ಕಾರ್ಡ್, ಅಂದ್ರೆ ಶೋನ ಮ್ಯಾಚ್ ಪಟ್ಟಿ, ಅನೌನ್ಸ್ ಆದ ತಕ್ಷಣ ನಿಮ್ ಡಾಕ್ ಓಪನ್ ಮಾಡ್ಬೇಡಿ. ಎದುರಾಳಿಯ ಹಿಂದಿನ ಎರಡ್ಮೂರು ಆರ್‌ಪಿ, ಅವ್ರು ಸೋತ ಮ್ಯಾಚಿನ ರಿಸಲ್ಟು, ಗೆದ್ದ ಮ್ಯಾಚಿನ ರಿಸಲ್ಟು ತೆಗೆದು ಓದಿ. ಪದೇ ಪದೇ ಹೇಳೋ ಮಾತು ಯಾವ್ದು, ಹೇಳಿ ಮಾಡ್ದೇ ಇದ್ದಿದ್ದು ಯಾವ್ದು, ಯಾವ ವಿಷ್ಯ ಬಂದ್ರೆ ಜಾರ್ಕೊಳ್ತಾರೆ, ನೋಟ್‌ಬುಕ್ಕಲ್ಲಿ ಅವ್ರದೇ ಶಬ್ದಗಳಲ್ಲಿ ಬರ್ಕೊಳ್ಳಿ.

ಯಾಕೆ ಅಂದ್ರೆ, 1996ರ ಕಿಂಗ್ ಆಫ್ ದಿ ರಿಂಗ್ ಅನ್ನೋ ಕುಸ್ತಿ ಟೂರ್ನಮೆಂಟ್ ನೆನಪಿಸ್ಕೊಳ್ಳಿ. ಜೇಕ್ ರಾಬರ್ಟ್ಸ್ ಬೈಬಲ್ ಹಿಡ್ಕೊಂಡು ಧರ್ಮದ ಮಾತಾಡೋ ಪಾತ್ರದಲ್ಲಿದ್ದ, ಸ್ಟೀವ್ ಆಸ್ಟಿನ್ ಆ ರಾತ್ರಿ ತುಟಿ ಹರ್ಕೊಂಡು ಹೊಲಿಗೆ ಹಾಕ್ಸಿಕೊಂಡು ಬಂದು ಫೈನಲ್ ಆಡಿದ. ಜೇಕ್ ಏನ್ ಹೇಳಿದಾನೆ ಅಂತ ಫೈನಲ್‌ಗೆ ಮುಂಚೆ ಆಸ್ಟಿನ್ ಕಿವಿಗೆ ಬಿದ್ದಿತ್ತು. ಗೆದ್ದಾದ್ಮೇಲೆ ಜಾನ್ 3:16 ಅನ್ನೋ ಬೈಬಲ್ ವಚನವನ್ನೇ ತಿರುಗಿಸಿ ಆಸ್ಟಿನ್ 3:16 ಅಂದ. ಅಷ್ಟೇ. ಮುಂದೆ ವರ್ಷಗಟ್ಟಲೆ ಟೀ-ಶರ್ಟ್ ಮಾರಿದ್ದು ಆ ಒಂದು ಸಾಲು, ಅದು ಹುಟ್ಟಿದ್ದು ಎದುರಾಳಿ ಬಾಯಿಂದ.

ಒಂದು ತೊಂದ್ರೆ ಇದೆ. ಎದುರಾಳಿ ಹೊಸಬ, ಓದೋಕೆ ಏನೂ ಇಲ್ಲ ಅಂದ್ರೆ? ಅವ್ರ ಅರ್ಜಿ ಓದಿ, ಅದ್ರಲ್ಲಿ ಏನೂ ಬರ್ದಿಲ್ಲ ಅನ್ನೋದನ್ನೇ ವಿಷ್ಯ ಮಾಡ್ಕೊಳ್ಳಿ. ಕತ್ತಲಲ್ಲಿ ಬೆಳೆದವನು ಅಂತ ಬರ್ದಿರ್ತಾನೆ ನೋಡಿ, ಯಾವ ಕತ್ತಲು, ಎಲ್ಲಿ, ಕರೆಂಟ್ ಬಿಲ್ ಕಟ್ಟಿರ್ಲಿಲ್ವಾ ಅಂತ ಕೇಳಿ.

ಹಂತ 4: ಈ ಮ್ಯಾಚ್ ಯಾಕೆ, ಒಂದೇ ಸಾಲು

"ನನ್ ಪಾತ್ರಕ್ಕೆ ಈ ಮನುಷ್ಯನ್ನೇ ಸೋಲಿಸ್ಬೇಕು, ಯಾಕಂದ್ರೆ..." ಅಂತ ಶುರು ಮಾಡಿ ಸಾಲು ಮುಗಿಸಿ. "ಯಾಕಂದ್ರೆ ಬೆಲ್ಟ್ ಬೇಕು" ನಡಿಯಲ್ಲ, ಬೆಲ್ಟ್ ಎಲ್ಲಾರಿಗೂ ಬೇಕು. ಎದುರಾಳಿ ಹೆಸರು ತೆಗೆದು ಇನ್ನೊಬ್ರ ಹೆಸರು ಹಾಕಿದ್ರೂ ಆ ಸಾಲು ನಿಂತ್ರೆ ಹಂತ ಮೂರಕ್ಕೆ ವಾಪಸ್ ಹೋಗಿ. ಸಾಲು ಸಿಗೋವರ್ಗೂ ಮುಂದಿನ ಹಂತ ಮುಟ್ಬೇಡಿ.

ಹಂತ 5: ಸೀನ್ ಚಿಕ್ಕದು, ಪ್ರೋಮೋ ದೊಡ್ಡದು

ಆರ್‌ಪಿಯಲ್ಲಿ ಸಾಮಾನ್ಯವಾಗಿ ಎರಡು ಭಾಗ. ಪಾತ್ರದ ಬದುಕಿನ ಒಂದು ಸೀನ್, ಆಮೇಲೆ ಕ್ಯಾಮೆರಾ ನೋಡಿ ಎದುರಾಳಿಗೆ ಹೇಳೋ ಪ್ರೋಮೋ. ಸೀನ್ ಒಂದೇ ಜಾಗದಲ್ಲಿ ನಡೀಲಿ, ಪ್ರೋಮೋದಲ್ಲಿ ಬಳಸೋ ಒಂದು ವಸ್ತುನೋ ಮಾತೋ ಅಲ್ಲಿ ಕಾಣಿಸ್ಲಿ. ನಂದಿ ಬೆಟ್ಟದ ಮೇಲೆ ಮಂಜಿನಲ್ಲಿ ನಿಂತು ಸೂರ್ಯೋದಯ ನೋಡೋ ಸೀನು ದಯವಿಟ್ಟು ಬೇಡ, ವೀಕೆಂಡ್ ಬೈಕ್ ರೀಲ್ಸ್‌ನವ್ರಿಗೆ ಬಿಟ್ಬಿಡಿ.

ಪ್ರೋಮೋ ಎರಡು ಥರ ತೋರಿಸ್ತೀನಿ, ಎರಡೂ ಉದಾಹರಣೆಗೆ ಕಟ್ಟಿದ್ದು. ಎದುರಾಳಿ ಹೆಸ್ರು ಸೈರನ್ ಸೂರಿ, "ಸೈರನ್ ಕೂಗಿದ್ರೆ ಎಲ್ಲಾ ದಾರಿ ಬಿಡ್ಬೇಕು" ಅನ್ನೋದು ಅವ್ನ ಡೈಲಾಗು, ಹಿಂದಿನ ಮೂರು ಮ್ಯಾಚ್ ಸೋತು ಮೂರು ಸಲಾನೂ ರೆಫ್ರಿ ಮೇಲೆ ಹಾಕಿದಾನೆ. ಬರೀತಿರೋದು ಗೂಡ್ ಮಾರ್ಕೆಟ್ (ರೇಷ್ಮೆ ಗೂಡು ಮಾರೋ ಜಾಗ) ಗಂಗನ ಹ್ಯಾಂಡ್ಲರ್.

ಬರೋ ಆರ್‌ಪಿಗಳಲ್ಲಿ ಹತ್ತಕ್ಕೆ ಒಂಬತ್ತು ಹೀಗಿರ್ತವೆ:

"ಲೋ ಸೂರಿ! ನೀನ್ ನನ್ ಮುಂದೆ ಏನೂ ಅಲ್ಲ! ಭಾನುವಾರ ನಿನ್ನ ಮುಗಿಸ್ತೀನಿ! ನಿನ್ ಮೂಳೆ ಪುಡಿ ಪುಡಿ ಮಾಡ್ತೀನಿ! ನನ್ನ ತಡಿಯೋಕೆ ಯಾರಿಂದಾನೂ ಆಗಲ್ಲ!"

ಸೂರಿ ತೆಗೆದು ಬೇರೆ ಯಾರನ್ನ ಹಾಕಿದ್ರೂ ನಡಿಯುತ್ತೆ, ಅದೇ ಸಮಸ್ಯೆ. ಇನ್ನೊಂದು ನೋಡಿ:

"ಸೂರಿ, ನಾನು ಶಿಡ್ಲಘಟ್ಟದ ಗೂಡ್ ಮಾರ್ಕೆಟ್ಟಲ್ಲಿ ಜಾಲರಿ ಎತ್ತೋನು. ಮೇಲಿಂದ ನೋಡಿದ್ರೆ ಎಲ್ಲಾ ಗೂಡೂ ಚೆನ್ನಾಗೇ ಕಾಣ್ತವೆ ಕಣೋ. ನೂಲು ತೆಗೆಯೋ ರೀಲರ್ ಏನ್ ಮಾಡ್ತಾನೆ ಗೊತ್ತಾ, ಒಂದು ಗೂಡು ತಗೊಂಡು ಕಿವಿ ಹತ್ರ ಅಲ್ಲಾಡಿಸ್ತಾನೆ. ಒಳಗೆ ಹುಳ ನೆಟ್ಟಗಿದ್ರೆ ಸದ್ದು ಬರುತ್ತೆ. ಸತ್ತು ಒಳಗಡೇನೇ ಅಂಟ್ಕೊಂಡಿದ್ರೆ ಎಷ್ಟ್ ಅಲ್ಲಾಡಿಸಿದ್ರೂ ಸದ್ದಿಲ್ಲ. ಮೂರ್ ಮ್ಯಾಚ್ ಸೋತೆ, ಮೂರ್ ಸಲಾನೂ ರೆಫ್ರಿ ನೋಡ್ಲಿಲ್ಲ ಅಂದೆ. ಹೊರಗಡೆ ಸೈರನ್ ಮಾತ್ರ ಕೂಗ್ತಾನೇ ಇದೆ. ಭಾನುವಾರ ನಿನ್ನ ಎರಡು ಕೈಲಿ ಮೇಲಕ್ಕೆತ್ತಿ ಒಂದ್ಸಲ ಅಲ್ಲಾಡಿಸ್ತೀನಿ. ಸದ್ದು ಬಂದ್ರೆ ನಿಧಾನಕ್ಕೆ ಇಳಿಸ್ತೀನಿ."

ಕೂಗಾಟ ಇಲ್ಲ, ಒಂದೂ ಆಶ್ಚರ್ಯಚಿಹ್ನೆ ಇಲ್ಲ. ಸೂರಿಯ ಡೈಲಾಗು ಅವ್ನಿಗೇ ತಿರುಗಿದೆ, ಸೋತ ಇತಿಹಾಸ ಬಂದಿದೆ, ಗಂಗನ ಕಸುಬು ಬಂದಿದೆ, ಕೊನೇಲಿ ಮ್ಯಾಚ್ ಬರೆಯೋನಿಗೆ ಒಂದು ದೃಶ್ಯಾನೂ ಸಿಕ್ತು, ಮೇಲಕ್ಕೆತ್ತಿ ಅಲ್ಲಾಡಿಸೋದು. ನಾನು ಅದನ್ನ ಮ್ಯಾಚಲ್ಲಿ ಬಳಸ್ದೇ ಇರ್ತೀನಾ? ಸೂರಿ ಹ್ಯಾಂಡ್ಲರ್ ಚುರುಕಾಗಿದ್ರೆ ಮುಂದಿನ ಆರ್‌ಪಿಯಲ್ಲಿ ಸೈರನ್ ಆಫ್ ಮಾಡಿ ಬರ್ತಾನೆ, ಒಂದು ಮಾತೂ ಆಡ್ದೇ. ಹಂಗೆ ಒಬ್ರ ಸಾಲನ್ನ ಇನ್ನೊಬ್ರು ಹಿಡ್ಕೊಂಡು ಮುಂದಕ್ಕೆ ಒಯ್ದಾಗ ಸಿಗೋ ಖುಷಿ ಇದ್ಯಲ್ಲ, ಅದಕ್ಕೇ ಜನ ರಾತ್ರಿ ಒಂದು ಗಂಟೆವರ್ಗೂ ಎದ್ದಿದ್ದು ಇದನ್ನ ಬರೆಯೋದು, ಬೆಲ್ಟ್‌ಗಲ್ಲ.

ಇಲ್ಲಿ ಆಗೋ ಇನ್ನೊಂದು ತಪ್ಪು, ಎದುರಾಳಿನ ಪೂರ್ತಿ ಕಸ ಮಾಡೋದು. ಅವ್ನು ಕೆಲಸಕ್ಕೆ ಬಾರ್ದೋನಾದ್ರೆ ಅವ್ನನ್ನ ಸೋಲ್ಸಿದ ನೀವೇನು ದೊಡ್ಡೋರಾ? ಅವ್ನಲ್ಲಿ ಒಂದು ಒಳ್ಳೇದು ಒಪ್ಕೊಳ್ಳಿ, ಆಮೇಲೆ ಹೊಡೀರಿ.

ಹಂತ 6: ಬೆಲ್ ಹೊಡಿಯೋಕ್ ಮುಂಚೆ ನಿಲ್ಸಿ

ಆರ್‌ಪಿ ಒಳಗೆ ಮ್ಯಾಚ್ ಬರೀಬೇಡಿ. "ಆಗ ನಾನು ಎತ್ತಿ ಕುಕ್ಕಿದೆ, ಅವನು ಎದ್ದೇಳಲಿಲ್ಲ, 1 2 3" ಅಂತ ಬರೆದ್ರೆ ನೀವು ಎದುರಾಳಿ ಪಾತ್ರವನ್ನ ನಡೆಸಿದಂಗಾಯ್ತು, ಇದಕ್ಕೆ ಗಾಡ್‌ಮೋಡಿಂಗ್ ಅಂತಾರೆ, ಎಷ್ಟೋ ಫೆಡ್‌ಗಳಲ್ಲಿ ನೇರ ಪಾಯಿಂಟ್ ಕಟ್. ಬ್ಯಾಕ್‌ಸ್ಟೇಜಲ್ಲಿ ಹಿಂದಿನಿಂದ ಹೊಡ್ದೆ ಅನ್ನೋದೂ ಅಷ್ಟೇ, ಅವ್ರನ್ನ ಕೇಳಿ ಬರೀರಿ, ಕೇಳಿದ್ರೆ ಬಹಳಷ್ಟು ಜನ ಖುಷಿಯಾಗೇ ಒಪ್ಕೊಳ್ತಾರೆ.

ಮ್ಯಾಚಿನ ನಿಯಮ ಮಾತ್ರ ಗೊತ್ತಿರ್ಲಿ, ಪ್ರೋಮೋದಲ್ಲಿ ತಪ್ಪು ಹೇಳಿದ್ರೆ ನಗೆಪಾಟಲು. ಡಬ್ಲ್ಯುಡಬ್ಲ್ಯುಇ ಪದ್ಧತಿ ಅನುಸರಿಸೋ ಫೆಡ್ ಆದ್ರೆ ರಿಂಗ್ ಹೊರಗೆ ರೆಫ್ರಿ 10 ಎಣಿಸೋವರ್ಗೂ ಟೈಮು, ಸಿಕ್ಕಾಕೊಂಡೋನು ಹಗ್ಗ ಹಿಡಿದ್ರೆ ಪಟ್ಟು ಹಾಕಿದೋನು 5 ಎಣಿಸೋದ್ರೊಳಗೆ ಬಿಡ್ಬೇಕು, ಡಿಸ್‌ಕ್ವಾಲಿಫಿಕೇಶನ್ನಲ್ಲೋ ಕೌಂಟ್ ಔಟಲ್ಲೋ (ಎದುರಾಳಿ ಹೊರಗಿದ್ದಾಗ ಆ 10 ಎಣಿಕೆ ಮುಗಿದು) ಗೆದ್ರೆ ಸಾಮಾನ್ಯವಾಗಿ ಬೆಲ್ಟ್ ಕೈ ಬದಲಾಗಲ್ಲ. ಈ ಕೊನೇದು ಹೇಡಿ ಚಾಂಪಿಯನ್ ಪಾತ್ರಕ್ಕೆ ಚಿನ್ನ. "ಬೇಕಂತಲೇ ಹೊರಗೆ ನಡ್ಕೊಂಡ್ ಹೋಗ್ತೀನಿ, ಬೆಲ್ಟ್ ನಂದೇ" ಅಂತ ಅವ್ನು ಮೊದಲೇ ಹೇಳ್ಬೋದು, ನೋಡೋರಿಗೆ ಮೈ ಉರಿಯುತ್ತೆ.

ಹಂತ 7: ಕತ್ತರಿಸಿ, ಓದಿ, ಟೈಮಿಗೆ ಹಾಕಿ

ಬರ್ದಾದ್ಮೇಲೆ ಜೋರಾಗಿ ಓದಿ, ಮನೇಲಿ ಜನ ಇದ್ರೆ ಟೆರೇಸಿಗೆ ಹೋಗಿ. ಉಸಿರು ಸಿಕ್ಕಾಕೊಂಡ ಕಡೆ, ನಿಮ್ಗೇ ಬೋರಾದ ಕಡೆ ಕತ್ತರಿಸಿ. ಮೊದಲ ಪ್ಯಾರಾ ಬಹುತೇಕ ಸಲ ಪೂರ್ತಿ ತೆಗಿಬೋದು, ಅದು ನಿಮ್ ಕೈ ಬಿಸಿಯಾಗೋಕೆ ಬರ್ದಿದ್ದು, ಓದೋರಿಗಲ್ಲ. ಎಐ ಕೈಲಿ ಬರ್ಸಿ ಹಾಕೋರಿಗೆ ಒಂದು ಮಾತು, ಗೊತ್ತಾಗುತ್ತೆ ಗುರು, ಎಲ್ಲಾ ಪಾತ್ರಾನೂ ಒಂದೇ ಮೇಷ್ಟ್ರ ಹತ್ರ ಭಾಷಣ ಕಲ್ತಂಗೆ ಮಾತಾಡ್ತವೆ.

ಡಿಸ್ಕಾರ್ಡ್ ಅನ್ನೋ ಚಾಟ್ ಆಪಲ್ಲಿ ಹಾಕೋರು ಗಮನಿಸಿ, ಫ್ರೀ ಅಕೌಂಟಲ್ಲಿ ಒಂದು ಮೆಸೇಜಿಗೆ 2000 ಕ್ಯಾರೆಕ್ಟರ್ ಮಿತಿ. ಕನ್ನಡದಲ್ಲಿ ಒತ್ತಕ್ಷರ, ಗುಣಿತ ಎಲ್ಲಾ ಬೇರೆ ಬೇರೆ ಲೆಕ್ಕ, "ಸ್ತ್ರೀ" ಅನ್ನೋ ಒಂದಕ್ಷರವೇ 6 ಕ್ಯಾರೆಕ್ಟರ್ ತಿನ್ನುತ್ತೆ. ಹಂಗಾಗಿ ಇಂಗ್ಲಿಷಲ್ಲಿ ಬರೆಯೋರಿಗಿಂತ ನಮ್ಗೆ ಬೇಗ ಮುಗಿಯುತ್ತೆ. ಎಲ್ಲೆಲ್ಲಿ ಒಡೀಬೇಕು ಅಂತ ಡಾಕಲ್ಲೇ ಗೆರೆ ಹಾಕ್ಕೊಂಡಿರಿ, ಇಲ್ಲಾಂದ್ರೆ ಪಂಚ್ ಲೈನ್ ಮಧ್ಯಕ್ಕೆ ತುಂಡಾಗುತ್ತೆ. ಅಥವಾ ಡಾಕ್ ಲಿಂಕ್ ಹಾಕಿ, ಆದ್ರೆ ಲಿಂಕ್ ಇದ್ದವ್ರೆಲ್ಲಾ ನೋಡ್ಬೋದು ಅಂತ ಸೆಟ್ಟಿಂಗ್ ಬದಲಾಯ್ಸಿ. "ಆ್ಯಕ್ಸೆಸ್ ರಿಕ್ವೆಸ್ಟ್" ನೋಡಿ ನೋಡಿ ಸೋತ ಆರ್‌ಪಿಗಳಿದಾವೆ.

ಡೆಡ್‌ಲೈನ್ ರಾತ್ರಿ 12 ಅಂದ್ರೆ ನಿಮ್ಗೆ ಅದು ಹಿಂದಿನ ದಿನ ಅಂದ್ಕೊಳ್ಳಿ. ಕರೆಂಟ್ ಹೋಗುತ್ತೆ, ನೆಟ್ ಹೋಗುತ್ತೆ, ಬೆಂಗಳೂರಿಂದ ಬರೋ ಕೊನೇ ಬಸ್ಸಲ್ಲಿ ನಿಂತ್ಕೊಂಡು ಟೈಪ್ ಮಾಡೋಕಾಗಲ್ಲ. ಕೆಲವ್ರು ಬೇಕಂತಲೇ ಕೊನೇ ಐದು ನಿಮಿಷಕ್ಕೆ ಹಾಕ್ತಾರೆ, ಎದುರಾಳಿ ಉತ್ತರ ಕೊಡ್ಬಾರ್ದು ಅಂತ. ರೂಲ್ಸಲ್ಲಿ ತಪ್ಪಿಲ್ಲ, ನಂಗೆ ಮಾತ್ರ ಅದು ಹೇಡಿತನ ಅನ್ಸುತ್ತೆ, ಮಾತಿಗೆ ಮಾತು ಬೆಳಿಯೋದೇ ಈ ಆಟದ ರುಚಿ. ಹಾಕೋಕಾಗ್ದೇ ಇದ್ರೆ ಮೊದಲೇ ಬುಕರ್‌ಗೆ ಹೇಳಿ. ಹೇಳ್ದೇ ಕೇಳ್ದೇ ಮಾಯ ಆಗೋದು ನೋ-ಶೋ, ಎದುರಿನವ್ರು ಒಂದು ವಾರ ಕೂತು ಬರ್ದಿದ್ದು ಗಾಳಿಗೆ ಹೋಗುತ್ತೆ. ಈ ಹವ್ಯಾಸದಲ್ಲಿ ಸೋಲಿಗಿಂತ ಹೆಚ್ಚು ಬೇಜಾರು ಮಾಡೋದು ಇದೇ, ಗೆದ್ರೂ ಖುಷಿ ಇರಲ್ಲ.

ಹಂತ 8: ರಿಸಲ್ಟ್ ಬಂದ್ಮೇಲೆ

ಸೋತ್ರೆ ಆ ರಾತ್ರಿ ಏನೂ ಟೈಪ್ ಮಾಡ್ಬೇಡಿ. ಮಾರನೇ ದಿನ ಗೆದ್ದವ್ರ ಆರ್‌ಪಿ ಓದಿ, ಆಮೇಲೆ ಜಡ್ಜನ್ನ ಒಂದೇ ಪ್ರಶ್ನೆ ಕೇಳಿ, "ನಂದ್ರಲ್ಲಿ ಎಲ್ಲಿ ನೀವು ಓದೋದು ಸ್ಕಿಪ್ ಮಾಡಿದ್ರಿ?" ಅಂತ. "ಯಾಕ್ ಸೋಲ್ಸಿದ್ರಿ" ಅಂದ್ರೆ ನಾನು ಸಮರ್ಥನೆಗೆ ಇಳೀತೀನಿ, ಇದು ಕೇಳಿದ್ರೆ ನಿಜ ಹೇಳ್ತೀನಿ.

ಸೋಲು ಪಾತ್ರಕ್ಕೆ ಊಟ. ಅದನ್ನ ಮುಂದಿನ ಆರ್‌ಪಿಯಲ್ಲಿ ಇಲ್ಲವೇ ಇಲ್ಲ ಅನ್ನೋ ಥರ ಬರೀಬೇಡಿ. ಸೋತ್ಮೇಲೆ ಗಂಗ ಮಾರ್ಕೆಟ್ಟಿಗೆ ಹೋದಾಗ ಅಲ್ಲಿನ ಹಮಾಲಿಗಳು ಏನಂದ್ರು? ಮುಂದಿನ ಸೀನ್ ಅಲ್ಲೇ ಇದೆ ನೋಡಿ.

ಮತ್ತೆ ಡಬ್ಲ್ಯುಡಬ್ಲ್ಯುಇ ರೆಸ್ಲರ್ ಸಿಎಂ ಪಂಕ್ ಆಗ್ಬೇಡಿ. 2011ರ ಜೂನ್ 27ರಂದು ಅವ್ನು ರಾ ಅನ್ನೋ ಟಿವಿ ಶೋನ ಸ್ಟೇಜ್ ಮೇಲೆ ಕೂತು ಕಂಪನಿಯನ್ನೇ ಬೈದಿದ್ದು, ಮೈಕ್ ಕಟ್ ಆಗಿದ್ದು ಎಲ್ಲಾರ್ಗೂ ಇಷ್ಟ. ಸೋತೋರೆಲ್ಲಾ ಅದೇ ಥರ ಬುಕರ್‌ನ, ಎದುರಾಳಿ ಹ್ಯಾಂಡ್ಲರ್‌ನ ಆರ್‌ಪಿಯಲ್ಲಿ ಬೈಯೋಕೆ ಶುರು ಮಾಡ್ತಾರೆ. ಪಂಕ್ ಕೈಗೆ ಮೈಕ್ ಕೊಟ್ಟಿದ್ದೂ ಆ ಕಂಪನಿನೇ, ಮೈಕ್ ಕಟ್ಟಾಗಿದ್ದೂ ಶೋನ ಭಾಗ. ನೀವು ಎದುರಿನವ್ರ ಕೆಲಸ, ಜಾತಿ, ಮನೆ ವಿಷ್ಯ, ಇಂಗ್ಲಿಷ್ ಬರಲ್ಲ ಅನ್ನೋದು ಎಳೆದು ತಂದ್ರೆ ಅದು ಪ್ರೋಮೋ ಅಲ್ಲ, ನಮ್ ಫೆಡ್‌ನಲ್ಲಿ ಅದಕ್ಕೆ ಎರಡನೇ ಚಾನ್ಸ್ ಇಲ್ಲ. ಪಾತ್ರಗಳು ಎಷ್ಟು ಕಿತ್ತಾಡಿದ್ರೂ ಹ್ಯಾಂಡ್ಲರ್‌ಗೆ ಪರ್ಸನಲ್ಲಾಗಿ ಒಂದು "ಚೆನ್ನಾಗಿ ಬರ್ದಿದ್ದೆ ಮಗಾ" ಹಾಕಿ.

ಫೆಡ್ ಬಿಡ್ಬೇಕಾದ ಲಕ್ಷಣಗಳು

ಚಾಂಪಿಯನ್ ಯಾವಾಗ್ಲೂ ಫೆಡ್ ಓನರ್ ಪಾತ್ರವೇ ಆಗಿದ್ರೆ ಎಚ್ಚರ. ಡೆಡ್‌ಲೈನ್ ಕೆಲವ್ರಿಗೆ ಮಾತ್ರ ಮುಂದಕ್ಕೆ ಹೋಗ್ತಿದ್ರೆ, ಅದೂ ಅನೌನ್ಸ್ ಮಾಡ್ದೇ, ಎಚ್ಚರ. ಯಾಕೆ ಸೋತೆ ಅಂತ ಮರ್ಯಾದೆಯಿಂದ ಕೇಳಿದ್ರೂ ಮ್ಯೂಟ್ ಮಾಡಿದ್ರೆ ಗಂಟುಮೂಟೆ ಕಟ್ಟಿ. ರಿಸಲ್ಟ್ ಎರಡು ವಾರ ಲೇಟಾದ್ರೆ ಅದು ಮೋಸ ಅಲ್ಲ, ಬರೆಯೋನಿಗೆ ಪರೀಕ್ಷೆನೋ ಮದ್ವೆನೋ ಇರುತ್ತೆ, ಸಹಾಯ ಬೇಕಾ ಅಂತ ಕೇಳಿ, ಒಂದು ಮ್ಯಾಚ್ ನೀವೇ ಬರ್ದು ಕೊಡಿ. ಮ್ಯಾಚ್ ಬರ್ದೋರಿಗೆ ಆರ್‌ಪಿ ಬರೆಯೋದು ಬೇಗ ಬರುತ್ತೆ, ಯಾವ ಸಾಲು ಉಪಯೋಗಕ್ಕೆ ಬರುತ್ತೆ ಯಾವ್ದು ಬರಲ್ಲ ಅಂತ ಕೈಗೇ ಗೊತ್ತಾಗುತ್ತೆ.

ಇನ್ನು ಓನರ್ ಬೇಜಾರಾಗಿ ಒಂದಿನ ಸರ್ವರ್ ಡಿಲೀಟ್ ಮಾಡೋದು ಈ ಲೋಕದಲ್ಲಿ ಮಾಮೂಲಿ. ನಿಮ್ ಪ್ರತಿ ಆರ್‌ಪಿ, ಪ್ರತಿ ಮ್ಯಾಚ್ ರಿಸಲ್ಟು, ಎದುರಾಳಿಯ ಒಳ್ಳೇ ಉತ್ತರಗಳು ಕೂಡ, ತಾರೀಖು ಹಾಕಿ ನಿಮ್ ಡ್ರೈವಲ್ಲಿ ಒಂದು ಕಾಪಿ ಇಟ್ಕೊಳ್ಳಿ. ಪಾತ್ರವನ್ನ ಇನ್ನೊಂದು ಫೆಡ್‌ಗೆ ಕರ್ಕೊಂಡ್ ಹೋಗ್ಬೋದು, ಅರ್ಜಿ ಜೊತೆ ಎರಡು ಹಳೇ ಆರ್‌ಪಿ ಕೇಳೋ ಕಡೆ ಅವೇ ಕೆಲಸಕ್ಕೆ ಬರ್ತವೆ. ಗೆದ್ದಿದ್ದ ಬೆಲ್ಟ್ ಮಾತ್ರ ಅಲ್ಲಿ ಲೆಕ್ಕಕ್ಕಿಲ್ಲ, ಓಪನಿಂಗ್ ಮ್ಯಾಚಿಂದಾನೇ ಶುರು ಮಾಡ್ಬೇಕು.